‘ಬೇಡ’ ಅಂದ ಮೇಲೆ

ಚೆನ್ನೈನ ಶಾಲೆಗಳಿಗೆ ನನ್ನಂಥ ಆಪ್ತಸಮಾಲೋಚಕಿಯರ ನೆನಪಾಗುವುದು ಪೇಪರಿನಲ್ಲಿ ಏನಾದರೂ ಬಂದ ಮೇಲೆ. 2021ರ ಮೇ ತಿಂಗಳಲ್ಲಿ ಕೆ.ಕೆ. ನಗರದ ಹೆಸರಾಂತ ಶಾಲೆಯೊಂದರ ಶಿಕ್ಷಕರ ಮೇಲೆ ಹಳೆಯ ವಿದ್ಯಾರ್ಥಿನಿಯರು ದೂರತೊಡಗಿದರು. ಅದರ ಬೆನ್ನಿಗೇ ಬೇರೆ ಶಾಲೆಗಳ ಹೆಸರೂ ಹೊರಬಿದ್ದವು. ಆಮೇಲೆ ಕೆಲವು ತಿಂಗಳು ನಮಗೆ ಉಸಿರಾಡಲು ಬಿಡುವಿರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಗಿಂಡಿಯ ಅಣ್ಣಾ ವಿಶ್ವವಿದ್ಯಾಲಯದ ಆವರಣದೊಳಗೇ ವಿದ್ಯಾರ್ಥಿನಿಯೊಬ್ಬಳ ಮೇಲೆ ಅತ್ಯಾಚಾರವಾದಾಗ ಮತ್ತೆ ಫೋನಿನ ಮೇಲೆ ಫೋನು. ಸುದ್ದಿ ತಣ್ಣಗಾದ ಹಾಗೆ ಫೋನೂ ನಿಲ್ಲುತ್ತದೆ.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಎರಡಕ್ಕೂ ಇಂಗ್ಲಿಷು ಬೆರೆಸಿ ನಾನು ಒಂಬತ್ತರಿಂದ ಹನ್ನೆರಡನೇ ತರಗತಿಯ ಮಕ್ಕಳ ಜೊತೆ ಸಮ್ಮತಿ, ಸ್ನೇಹ, ಪ್ರೀತಿ, ಕಿರುಕುಳ ಇವುಗಳ ಬಗ್ಗೆ ಮಾತಾಡುತ್ತ ಬಂದಿದ್ದೇನೆ. ಕೆಳಗೆ ಬರೆದಿರುವುದು ಆ ಮಾತುಕತೆಯಿಂದ ನನಗೆ ದಕ್ಕಿದ್ದು. ಸಂಖ್ಯೆ ಹಾಕಿದ್ದೇನೆ, ಆದರೆ ಎಲ್ಲವೂ ಒಂದೇ ತೂಕದವಲ್ಲ. ನಾಲ್ಕನೆಯದನ್ನು ಓದಿ ಉಳಿದದ್ದನ್ನು ಬಿಟ್ಟರೂ ನನಗೆ ಬೇಸರವಿಲ್ಲ.

1. ಹುಡುಗರನ್ನು ಆಟದ ಬಯಲಿಗೆ ಅಟ್ಟಬೇಡಿ

ಶಾಲೆಯವರ ಮೊದಲ ಮಾತೇ ಇದು: “ಮೇಡಂ, ಹುಡುಗಿಯರನ್ನು ಹಾಲ್‌ನಲ್ಲಿ ಕೂರಿಸುತ್ತೇವೆ, ಹುಡುಗರಿಗೆ ಆ ಹೊತ್ತು ಪಿ.ಟಿ. ಇಡುತ್ತೇವೆ.” ಒಪ್ಪಿದರೆ ಕಾರ್ಯಕ್ರಮ ಸಲೀಸು. ನಾನು ಒಪ್ಪುವುದಿಲ್ಲ. ಹುಡುಗಿಯರಿಗೆ ಎಚ್ಚರಿಕೆ ಹೇಳುವುದರಲ್ಲಿ ನಮ್ಮವರು ಎಂದೂ ಹಿಂದೆ ಬಿದ್ದಿಲ್ಲ. ಸೀರೆ ಮುಳ್ಳಿನ ಮೇಲೆ ಬಿದ್ದರೂ, ಮುಳ್ಳು ಸೀರೆಯ ಮೇಲೆ ಬಿದ್ದರೂ ಹರಿಯುವುದು ಸೀರೆಯೇ ಎಂಬ ಗಾದೆ ಕನ್ನಡದಲ್ಲೂ ಇದೆ, ತಮಿಳಿನಲ್ಲೂ ಇದೆ. ಪೋಷಕರ ಸಭೆಯಲ್ಲಿ ಯಾರಾದರೂ ಒಬ್ಬರು ಅದನ್ನು ಹೇಳಿಯೇ ಹೇಳುತ್ತಾರೆ. ಮುಳ್ಳನ್ನು ಕೂರಿಸಿಕೊಂಡು ಮಾತಾಡಿದವರು ಕಡಿಮೆ. 1998ರಲ್ಲಿ ಚೆನ್ನೈನ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಬೀದಿ ಪುಂಡರ ಕಾಟದಲ್ಲಿ ಜೀವ ಕಳೆದುಕೊಂಡ ಮೇಲೆ ತಮಿಳುನಾಡು ಹೆಣ್ಣುಮಕ್ಕಳನ್ನು ಚುಡಾಯಿಸುವುದರ ವಿರುದ್ಧವೇ ಒಂದು ಕಾನೂನು ತಂದಿತು. ಕಾಲು ಶತಮಾನ ಕಳೆದರೂ ಶಾಲೆಯ ಟೈಮ್‌ಟೇಬಲ್ ಮಾತ್ರ ಹಾಗೇ ಇದೆ.

ಹುಡುಗರು ಕೂರಬೇಕಾದ್ದಕ್ಕೆ ಇನ್ನೊಂದು ಕಾರಣವೂ ಉಂಟು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 53ರಷ್ಟು ಮಕ್ಕಳು ಯಾವುದಾದರೂ ಬಗೆಯ ಲೈಂಗಿಕ ಕಿರುಕುಳ ತಮಗಾಗಿದೆ ಎಂದಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡುಮಕ್ಕಳೇ. ಆ ಹುಡುಗನಿಗೆ ಮಾತಾಡಲು ಜಾಗ ಎಲ್ಲಿದೆ? ಮೊದಲ ದಿನ ಹುಡುಗ ಹುಡುಗಿಯರನ್ನು ಬೇರೆ ಬೇರೆ ಕೂರಿಸಿ ಅವರವರ ಪ್ರಶ್ನೆ ಹೊರತೆಗೆಸಿ, ಎರಡನೇ ದಿನ ಒಂದೇ ಕೋಣೆಯಲ್ಲಿ ಕೂರಿಸುವುದು ನಾನು ಕಂಡುಕೊಂಡ ದಾರಿ.

2. ಚೀಟಿಯಲ್ಲಿ ಎಲ್ಲರೂ ಏನಾದರೂ ಬರೆಯಲೇಬೇಕು

ಪ್ರಶ್ನೆ ಪೆಟ್ಟಿಗೆ ಎಲ್ಲ ಶಾಲೆಯಲ್ಲೂ ಇರುತ್ತದೆ, ಎಲ್ಲ ಶಾಲೆಯಲ್ಲೂ ಖಾಲಿ ಇರುತ್ತದೆ. ಬರೆಯುವವನನ್ನು ಪಕ್ಕದ ಬೆಂಚು ನೋಡುತ್ತದಲ್ಲ, ಅದಕ್ಕೆ. ಹಾಗಾಗಿ ನನ್ನ ನಿಯಮ ಹೀಗೆ: ಪ್ರಶ್ನೆ ಇದ್ದವರು ಪ್ರಶ್ನೆ ಬರೆಯಿರಿ, ಇಲ್ಲದವರು ನಿನ್ನೆ ರಾತ್ರಿ ಊಟಕ್ಕೆ ಏನಿತ್ತು ಎಂದು ಬರೆಯಿರಿ. ಎಲ್ಲರ ಪೆನ್ನೂ ಓಡುತ್ತಿರಬೇಕು. ಸಾಂಬಾರು, ಪರೋಟ, ಮೊಸರನ್ನದ ನಡುವೆ ನಿಜವಾದ ಚೀಟಿಗಳು ಸಿಗುತ್ತವೆ. “ಒಂದ್ಸಲ ಓಕೆ ಅಂದ್ಮೇಲೆ ಆಮೇಲೆ ಬೇಡ ಅನ್ನಬಹುದಾ?” “ಅವಳ ರೀಚಾರ್ಜ್‌ಗೆಲ್ಲ ನಾನೇ ದುಡ್ಡು ಹಾಕಿದ್ದೀನಿ, ಈಗ ಮಾತಾಡಲ್ಲ ಅಂದ್ರೆ ಮೋಸ ಅಲ್ವಾ?” “ನನ್ ಫ್ರೆಂಡೇ ನನ್ನ ಮುಟ್ಟಿದ, ಅವನೂ ಹುಡುಗ, ಯಾರಿಗೆ ಹೇಳ್ಲಿ?” ಯಾವ ಭಾಷೆಯಲ್ಲಿ ಬೇಕಾದರೂ ಬರೆಯಲಿ, ಕಾಗುಣಿತ ತಿದ್ದಬಾರದು.

ಪೆಟ್ಟಿಗೆ ತೆರೆಯುವ ಮೊದಲೇ ಒಂದು ಮಾತು ಹೇಳಿಬಿಡಬೇಕು. ನೀವು ಹೇಳಿದ್ದೆಲ್ಲ ಗುಟ್ಟಾಗಿರುತ್ತದೆ ಎಂದು ನಾನು ಮಾತು ಕೊಡಲಾರೆ. ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಜೈಲು. ಇದನ್ನು ಮೊದಲೇ ಹೇಳಿದರೆ ಕೆಲವರು ಬಾಯಿ ಬಿಡುವುದಿಲ್ಲ, ನಿಜ. ಹೇಳದೆ ಬಾಯಿ ಬಿಡಿಸಿ ಆಮೇಲೆ ಪೊಲೀಸರಿಗೆ ಫೋನು ಮಾಡಿದರೆ ಆ ಮಗು ಜನ್ಮದಲ್ಲಿ ಇನ್ನೊಬ್ಬ ದೊಡ್ಡವರನ್ನು ನಂಬುವುದಿಲ್ಲ.

3. ಪ್ರೀತಿ ಪ್ರೇಮಕ್ಕಿಂತ ಮೊದಲು ಮನೆಯ ಮಾತು

ಮೊದಲ ಗಂಟೆಯಲ್ಲಿ ನಾನು ಲೈಂಗಿಕತೆಯ ಸುದ್ದಿಗೇ ಹೋಗುವುದಿಲ್ಲ. ಹಬ್ಬಕ್ಕೆ ಬಂದ ಮಾವ ಕೆನ್ನೆ ಹಿಂಡುವುದು, ಅಣ್ಣ ಕೇಳದೆ ಫೋನ್ ತೆಗೆದು ನೋಡುವುದು, ಬೆಂಚಿನ ಹಿಂದಿನಿಂದ ಜಡೆ ಎಳೆಯುವುದು, ಇವುಗಳಿಂದ ಶುರು. ಮೂರು ವರ್ಷದ ಹೆಣ್ಣುಮಗುವಿಗೆ ಸೋದರತ್ತೆಯ ಮಗನನ್ನು ತೋರಿಸಿ “ನಿನ್ನ ಗಂಡ ನೋಡೇ” ಎಂದು ನಗುವ ಚಾಳಿ ಕನ್ನಡ ಮನೆಗಳಲ್ಲೂ ಇದೆ, ತಮಿಳರ ಮನೆಗಳಲ್ಲೂ ಇದೆ. ಮಗು ಮುಖ ಸಿಂಡರಿಸಿದರೆ ಇನ್ನೂ ಜೋರು ನಗು. ಬೇಡ ಅಂದರೆ ನಗುತ್ತಾರೆ ಎಂಬುದನ್ನು ಆ ಮಗು ಅಲ್ಲಿಯೇ ಕಲಿತಿರುತ್ತದೆ.

ಈ ಊರಿನಲ್ಲಿ ಇನ್ನೊಂದು ವಿಷಯವನ್ನು ಮಕ್ಕಳೇ ಎತ್ತುತ್ತಾರೆ. ಹುಡುಗಿ ಮೈನೆರೆದರೆ ‘ಮಂಜಳ್ ನೀರಾಟ್ಟು ವಿಳಾ’ ಮಾಡಿ, ರೇಷ್ಮೆ ಸೀರೆ ಉಡಿಸಿದ ಅವಳ ಫೋಟೊವನ್ನು ಬೀದಿಯ ಮೂಲೆಯಲ್ಲಿ ಫ್ಲೆಕ್ಸ್ ಮಾಡಿ ಹಾಕುವ ರೂಢಿ ಹಲವು ಬಡಾವಣೆಗಳಲ್ಲಿದೆ. (2019ರ ಸೆಪ್ಟೆಂಬರ್‌ನಲ್ಲಿ ಪಳ್ಳಿಕರಣೈಯಲ್ಲಿ ಫ್ಲೆಕ್ಸ್ ಬಿದ್ದು ಸ್ಕೂಟರ್ ಮೇಲಿದ್ದ ಯುವತಿ ಸತ್ತ ಮೇಲೆ ಒಂದಷ್ಟು ಕಾಲ ಫ್ಲೆಕ್ಸ್‌ಗಳ ಭರಾಟೆ ತಗ್ಗಿತ್ತು. ಈಗ ವಾಟ್ಸ್ಆ್ಯಪ್ ಆಮಂತ್ರಣವೂ ಸೇರಿಕೊಂಡಿದೆ.) ನಮ್ಮ ಕಡೆ ಆರತಿ ಮಾಡಿ ನೆರೆಮನೆಯವರಿಗೆ ಚಿಗಳಿ ಹಂಚುವುದೂ ಇದರ ಸೋದರ ಸಂಬಂಧಿಯೇ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಆ ಫ್ಲೆಕ್ಸ್ ಇಳಿಸುವವರೆಗೆ ತಾನು ಶಾಲೆಗೆ ಬೇರೆ ಬೀದಿಯಲ್ಲಿ ಸುತ್ತಿಕೊಂಡು ಬರುತ್ತಿದ್ದೆ ಎಂದಳು. ಅಪ್ಪ ಅಮ್ಮ ಪ್ರೀತಿಯಿಂದಲೇ ಹಾಕಿಸಿದ್ದು, ಸಾಲ ಮಾಡಿ ಹಾಕಿಸಿದ್ದು. ಅವಳನ್ನು ಕೇಳಿರಲಿಲ್ಲ, ಅಷ್ಟೆ. ಆ ಎರಡು ನಿಮಿಷದಲ್ಲಿ ತರಗತಿಗೆ ಅರ್ಥವಾದದ್ದನ್ನು ನನ್ನ ಯಾವ ಚಿತ್ರಪಟವೂ ಅರ್ಥಮಾಡಿಸಿಲ್ಲ.

4. ‘ಬೇಡ’ ಅನ್ನುವುದಕ್ಕಿಂತ ‘ಬೇಡ’ ಕೇಳಿಸಿಕೊಳ್ಳುವುದು ಕಷ್ಟ

ಇದು ನನ್ನ ಮುಖ್ಯ ಮಾತು. ಧೈರ್ಯವಾಗಿ ಬೇಡ ಅನ್ನಿ ಎಂದು ನಾವು ಹುಡುಗಿಯರಿಗೆ ಹೇಳಿಕೊಟ್ಟೆವು. ಅವರು ಅನ್ನುತ್ತಲೂ ಇದ್ದಾರೆ. 2022ರ ಅಕ್ಟೋಬರ್ 13ರಂದು ಪರಂಗಿಮಲೈ, ಅಂದರೆ ಸೇಂಟ್ ಥಾಮಸ್ ಮೌಂಟ್ ರೈಲು ನಿಲ್ದಾಣದಲ್ಲಿ ಕಾಲೇಜು ಹುಡುಗಿಯೊಬ್ಬಳನ್ನು ಬರುತ್ತಿದ್ದ ರೈಲಿನ ಮುಂದಕ್ಕೆ ತಳ್ಳಿ ಕೊಂದವನು ಅವಳ ಪರಿಚಯದವನೇ. ಅವಳು ದೂರವಾದ ಮೇಲೂ ಬೆನ್ನು ಬಿದ್ದಿದ್ದವನು. 2018ರ ಮಾರ್ಚ್‌ನಲ್ಲಿ ಕೆ.ಕೆ. ನಗರದ ಕಾಲೇಜಿನ ಹೊರಗೆ ಅಂಥವನೊಬ್ಬನಿಂದಲೇ ಕೊಲೆಯಾದ ವಿದ್ಯಾರ್ಥಿನಿ ಅದಕ್ಕೂ ಮೊದಲೇ ಅವನ ಮೇಲೆ ಪೊಲೀಸರಿಗೆ ದೂರು ಕೊಟ್ಟಿದ್ದಳು. ಇಬ್ಬರೂ ಬೇಡ ಅಂದವರೇ. ಬೇಡ ಅನ್ನುವ ಧೈರ್ಯವೊಂದರಿಂದಲೇ ಜೀವ ಉಳಿಯುವುದಾದರೆ ಅವರು ಇಂದು ಇರಬೇಕಿತ್ತು.

ಹಾಗಾಗಿ ನಾನು ಒಂದು ಅಭ್ಯಾಸ ಮಾಡಿಸುತ್ತೇನೆ. ಇಬ್ಬಿಬ್ಬರು ಎದುರುಬದುರು ನಿಲ್ಲಬೇಕು. ಒಬ್ಬ ಕೇಳುತ್ತಾನೆ: “ನಿನ್ ಸೈಕಲ್ ಕೊಡ್ತೀಯಾ?” ಇನ್ನೊಬ್ಬ “ಇಲ್ಲ” ಅನ್ನಬೇಕು. ಕೇಳಿದವನ ಬಾಯಿಂದ ಮುಂದೆ ಏನು ಬರುತ್ತದೋ ಅದನ್ನು ನಾನು ಬೋರ್ಡಿನ ಮೇಲೆ ಬರೆಯುತ್ತ ಹೋಗುತ್ತೇನೆ. “ಯಾಕೆ?” ಮೊದಲು ಬರುವುದು ಬಹುಪಾಲು ಇದೇ. ಆಮೇಲೆ “ಪ್ಲೀಸ್ ಪ್ಲೀಸ್.” ಆಮೇಲೆ “ಮೊನ್ನೆ ನಿಂಗೆ ನಾನು ನೋಟ್ಸ್ ಕೊಟ್ಟಿಲ್ವಾ?” ಕೊನೆಗೆ “ರೊಂಬ ಸೀನ್ ಪೋಡಾದೆ”, ಅಂದರೆ ಜಾಸ್ತಿ ಬಿಲ್ಡಪ್ ತಗೋಬೇಡ. ತನಿಖೆ, ಗೋಗರೆತ, ಋಣದ ಲೆಕ್ಕ, ಅವಮಾನ. ನಾಲ್ಕೂ ಬೋರ್ಡಿನ ಮೇಲೆ ಸಾಲಾಗಿ ನಿಂತ ಮೇಲೆ, ಸೈಕಲ್ ಎಂಬ ಪದ ಒರೆಸಿ ಅಲ್ಲಿ “ನನ್ನ ಲವ್ ಮಾಡ್ತೀಯಾ” ಎಂದು ಬರೆಯುತ್ತೇನೆ. ಹುಡುಗರು ಮೊದಲು ನಗುತ್ತಾರೆ. ಹುಡುಗಿಯರು ನಗುವುದಿಲ್ಲ, ಆ ನಾಲ್ಕೂ ಅವರಿಗೆ ಗೊತ್ತು. ಐದನೆಯದನ್ನು ಅವರೇ ಸೇರಿಸುತ್ತಾರೆ: “ಕೈ ಕುಯ್ದುಕೊಳ್ಳುತ್ತೇನೆ.”

ಎರಡನೇ ಸುತ್ತಿನಲ್ಲಿ ನಿಯಮ ಬದಲು. ಇಲ್ಲ ಅಂದ ಕೂಡಲೇ ಕೇಳಿದವನು “ಸರಿ” ಎಂದು ಬೇರೆ ವಿಷಯ ಮಾತಾಡಬೇಕು, ಇಲ್ಲವೇ ಹೊರಡಬೇಕು. ಕಾರಣ ಕೇಳುವ ಹಾಗಿಲ್ಲ. ಬರೀ ಸೈಕಲ್‌ನ ವಿಷಯವಾದರೂ ಇದು ಎಷ್ಟು ಕಷ್ಟ ಎಂದು ನೋಡಬೇಕು. ಹತ್ತನೇ ತರಗತಿಯ ಗಟ್ಟಿಮುಟ್ಟಾದ ಹುಡುಗ “ಸರಿ” ಅಂದವನು ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿದ, ತೆಗೆದ, ತಲೆ ಕೆರೆದ, ಕೊನೆಗೆ “ಇವತ್ತು ಮ್ಯಾಚ್ ಇದೆಯಲ್ಲ” ಅಂದ. ಇಡೀ ತರಗತಿ ಚಪ್ಪಾಳೆ ತಟ್ಟಿತು. ಆ ಕೈಗಳಿಗೆ ಜಾಗ ಹುಡುಕಿಕೊಡುವುದೇ ನಮ್ಮ ಕೆಲಸ ಎಂದು ನನಗೆ ಅನಿಸಿದ್ದು ಆಗ.

ತಿರಸ್ಕಾರ ನೋಯಿಸುತ್ತದೆ, ಅದನ್ನು ಮುಚ್ಚಿಡಬಾರದು. ನೋವಾದಾಗ ಏನು ಮಾಡಬಹುದು ಎಂಬ ಪಟ್ಟಿಯನ್ನು ಹುಡುಗರಿಂದಲೇ ಮಾಡಿಸುತ್ತೇನೆ. ರಾತ್ರಿ ಹತ್ತರ ಮೇಲೆ ಮೆಸೇಜ್ ಕಳಿಸುವುದಿಲ್ಲ. ಅವಳ ಸ್ಟೇಟಸ್ ಮ್ಯೂಟ್ ಮಾಡುತ್ತೇನೆ. ಅಳು ಬಂದರೆ ಅಳುತ್ತೇನೆ. ಒಬ್ಬ ಗೆಳೆಯನಿಗೆ ಹೇಳುತ್ತೇನೆ, ಇಡೀ ಗ್ಯಾಂಗಿಗೆ ಹೇಳುವುದಿಲ್ಲ. ಈ ಕೊನೆಯದು ಬಹಳ ಮುಖ್ಯ. ನನ್ನ ಅನುಭವದಲ್ಲಿ ಅರ್ಧ ಅನಾಹುತ ಗ್ಯಾಂಗಿನಿಂದಲೇ. ಅವನು ಅವಳ ಹತ್ತಿರ ಮಾತೂ ಆಡಿರುವುದಿಲ್ಲ, ಅಷ್ಟರಲ್ಲಿ ಗೆಳೆಯರು ಅವಳನ್ನು ‘ಅವನ ಆಳು’ ಎಂದು ಕರೆಯತೊಡಗಿರುತ್ತಾರೆ. ಬೆಂಗಳೂರಿನ ಹುಡುಗರಾದರೆ ‘ಅವನ ಡವ್’. ಅವಳು ಬರುವಾಗ ಅವನ ಹೆಸರು ಕೂಗುತ್ತಾರೆ. ಅವಳು ಒಲ್ಲೆ ಅಂದಾಗ ಸೋಲು ಹತ್ತು ಜನರ ಎದುರಿಗೆ ಆಗುತ್ತದೆ. ಪ್ರೀತಿ ಹೋದದ್ದನ್ನು ತಡೆದುಕೊಂಡರೂ ಮಾನ ಹೋದದ್ದನ್ನು ಅವನು ತಡೆದುಕೊಳ್ಳುವುದಿಲ್ಲ. ಆದ್ದರಿಂದ ಗೆಳೆಯರಿಗೂ ಪಾಠ ಬೇಕು: ಹೆಸರು ಕೂಗಬೇಡಿ, ನಂಬರ್ ಹುಡುಕಿಕೊಡಬೇಡಿ, “ಬಿಡಬೇಡ ಮಚ್ಚಾ” ಅನ್ನಬೇಡಿ.

ಕೊನೆಯಲ್ಲಿ ಕಾನೂನನ್ನೂ ಹೇಳುತ್ತೇನೆ. ಹುಡುಗಿ ಬೇಡ ಅಂದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸುವುದು, ಅವಳ ಆನ್‌ಲೈನ್ ಚಟುವಟಿಕೆಯ ಮೇಲೆ ಕಣ್ಣಿಡುವುದು 2013ರಿಂದ ಅಪರಾಧ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್. ಹುಡುಗರಲ್ಲಿ ಹೆಚ್ಚಿನವರಿಗೆ ಇದು ಹೊಸ ಸುದ್ದಿ.

5. ಮೌನಂ ಸಮ್ಮತಿ ಲಕ್ಷಣಂ ಎಂಬುದನ್ನು ಮರೆಯಿರಿ

ಹೆಣ್ಣು ನೋಡುವ ಶಾಸ್ತ್ರಕ್ಕೆ ಈ ಮಾತು ಅನುಕೂಲಕರವಾಗಿತ್ತು. ತಲೆ ತಗ್ಗಿಸಿ ಕೂತಳು, ಒಪ್ಪಿದಳು, ತಟ್ಟೆ ಬದಲಾಯಿಸಿ. ಮಕ್ಕಳಿಗೆ ನಾನು ಹೇಳುವುದು ಇಷ್ಟು: ಹೆದರಿದ ಮೈ ಕೆಲವೊಮ್ಮೆ ಒದೆಯುವುದಿಲ್ಲ, ಕಿರುಚುವುದಿಲ್ಲ, ಹೆಪ್ಪುಗಟ್ಟುತ್ತದೆ. ಅದಕ್ಕೆ ಹುಡುಗಿ ಹುಡುಗ ಎಂಬ ಭೇದವಿಲ್ಲ. ಉತ್ತರ ಬರದಿದ್ದರೆ ಉತ್ತರ ‘ಇಲ್ಲ’ ಎಂದು ತಿಳಿಯಬೇಕು. ನಿನ್ನೆಯ ‘ಹೂಂ’ ಇವತ್ತಿಗೆ ಸಲ್ಲುವುದಿಲ್ಲ. ಹೆದರಿಸಿ, ಅಳಿಸಿ, ಮುನಿಸಿಕೊಂಡು ಪಡೆದ ‘ಹೂಂ’ ಎಂದಿಗೂ ಸಲ್ಲುವುದಿಲ್ಲ.

6. ಸಿನಿಮಾವನ್ನು ಬೈಯಬೇಡಿ, ತರಗತಿಗೆ ತನ್ನಿ

2016ರ ಜೂನ್‌ನಲ್ಲಿ ನುಂಗಂಬಾಕ್ಕಂ ನಿಲ್ದಾಣದಲ್ಲಿ ಇನ್ಫೋಸಿಸ್ ಉದ್ಯೋಗಿ ಯುವತಿಯ ಕೊಲೆಯಾದಾಗ ತಮಿಳು ಸಿನಿಮಾಗಳ ಮೇಲೆ ಭಾರಿ ಚರ್ಚೆ ನಡೆಯಿತು. ಹೀರೊ ಹಿಂದೆ ಬಿದ್ದೂ ಬಿದ್ದೂ ಒಲಿಸಿಕೊಳ್ಳುವ ಕಥೆಗಳು ಹುಡುಗರನ್ನು ಕೆಡಿಸಿದವೇ ಎಂದು. ಕೆಡಿಸಿರಬಹುದು. ಆದರೆ ತಮಿಳು ಚಿತ್ರರಂಗದ ನೆಲೆಯಾದ ಕೋಡಂಬಾಕ್ಕಂನ ಪಕ್ಕದಲ್ಲೇ ಬೆಳೆದ ಮಕ್ಕಳ ಎದುರು ಸಿನಿಮಾ ಬೈದರೆ ಅವರ ಕಿವಿ ಅಲ್ಲಿಗೇ ಮುಚ್ಚುತ್ತದೆ. ‘ಪಿಂಕ್’ ಹಿಂದಿ ಚಿತ್ರವನ್ನು 2019ರಲ್ಲಿ ‘ನೇರ್ಕೊಂಡ ಪಾರ್ವೈ’ ಎಂದು ತಮಿಳಿಗೆ ತಂದಾಗ ವಕೀಲನ ಪಾತ್ರ ಮಾಡಿದವರು ಅಜಿತ್. ಇಲ್ಲ ಅಂದರೆ ಇಲ್ಲ ಎಂಬ ಮಾತು ಅಭಿಮಾನಿಗಳ ಈ ‘ತಲ’ನ ಬಾಯಿಂದ ಬಂದದ್ದಕ್ಕೆ ಹುಡುಗರು ಕೇಳಿದರು. ನನ್ನ ಬಾಯಿಂದ ಬಂದಿದ್ದರೆ ಆಕಳಿಸುತ್ತಿದ್ದರು. ನನಗೇನೂ ಹೊಟ್ಟೆಕಿಚ್ಚಿಲ್ಲ.

ಕನ್ನಡ ಮನೆಗಳ ಮಕ್ಕಳ ಜೊತೆ ಕೂತಾಗ ನಾನು ‘ಮುಂಗಾರು ಮಳೆ’ ತೆಗೆಯುತ್ತೇನೆ. ಪ್ರೀತಮ್ ಮದುವೆ ಗೊತ್ತಾದ ಹುಡುಗಿಯ ಬೆನ್ನು ಹತ್ತುವುದು ಸರಿಯೇ ಎಂದು ಎಲ್ಲರೂ ಜಗಳವಾಡುತ್ತಾರೆ. ನನಗೆ ಹೆಚ್ಚು ಉಪಯೋಗಕ್ಕೆ ಬರುವುದು ಕೊನೆ. ನಂದಿನಿ ಅವನನ್ನು ಒಪ್ಪಿದ ಮೇಲೆ ಅವನೇ ತ್ಯಾಗಮೂರ್ತಿಯಾಗಿ ಅವಳನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟು ಹೊರಡುತ್ತಾನೆ. ಥಿಯೇಟರಿಗೆ ಥಿಯೇಟರೇ ಅತ್ತಿತು. “ಅವಳನ್ನು ಯಾರಾದರೂ ಕೇಳಿದರಾ?” ಎಂದು ಒಬ್ಬ ಹುಡುಗಿ ಕೇಳುವವರೆಗೆ ನಾನು ಸುಮ್ಮನಿರುತ್ತೇನೆ. ಯಾರಾದರೊಬ್ಬಳು ಕೇಳುತ್ತಾಳೆ.

7. ಕಾನೂನನ್ನು ಇದ್ದದ್ದು ಇದ್ದ ಹಾಗೆ ಹೇಳಿ

ಹೆಚ್ಚು ಬರುವ ಪ್ರಶ್ನೆ ಇದು: “ಇಬ್ಬರಿಗೂ ಹದಿನೇಳು, ಇಬ್ಬರಿಗೂ ಇಷ್ಟ, ಆಗ?” ಉತ್ತರ ಮೆತ್ತಗೆ ಮಾಡಬಾರದು. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೋ ಪ್ರಕಾರ ಹದಿನೆಂಟರ ಒಳಗಿನವರು ಮಕ್ಕಳು, ಅವರ ಒಪ್ಪಿಗೆಗೆ ಕಾನೂನಿನ ಕಣ್ಣಲ್ಲಿ ಬೆಲೆಯಿಲ್ಲ. 2019ರ ತಿದ್ದುಪಡಿಯ ನಂತರ ಲೈಂಗಿಕ ಸಂಪರ್ಕಕ್ಕೆ ಕನಿಷ್ಠ ಶಿಕ್ಷೆಯೇ ಹತ್ತು ವರ್ಷ, ಹುಡುಗಿಗೆ ಹದಿನಾರು ತುಂಬದಿದ್ದರೆ ಇಪ್ಪತ್ತು. ಹದಿನಾರು ದಾಟಿದ ಹುಡುಗನನ್ನು ಬಾಲನ್ಯಾಯ ಮಂಡಳಿ ಪರಿಶೀಲಿಸಿ ವಯಸ್ಕನಂತೆ ವಿಚಾರಣೆಗೆ ಕಳಿಸಲೂಬಹುದು.

ಇದು ನ್ಯಾಯವೇ ಎಂದು ಮಕ್ಕಳು ಕೇಳುತ್ತಾರೆ, ನ್ಯಾಯಮೂರ್ತಿಗಳೂ ಕೇಳಿದ್ದಾರೆ. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ವಿ. ಪಾರ್ತಿಬನ್ 2019ರಲ್ಲಿ ವಯಸ್ಸಿನ ಮಿತಿಯನ್ನು ಹದಿನಾರಕ್ಕೆ ಇಳಿಸಬಹುದೇ ಯೋಚಿಸಿ ಎಂದರು. 2021ರ ಜನವರಿಯಲ್ಲಿ ನ್ಯಾಯಮೂರ್ತಿ ಎನ್. ಆನಂದ ವೆಂಕಟೇಶ್, ಹದಿಹರೆಯದವರ ಪ್ರೇಮ ಸಂಬಂಧಗಳಲ್ಲಿ ಮನೆಯವರೇ ದೂರು ಕೊಡುವ ಪ್ರಕರಣಗಳು ಬಹಳವಾಗಿವೆ, ಕಾಯ್ದೆಯ ಉದ್ದೇಶ ಇದಾಗಿರಲಿಲ್ಲ ಎಂದು ಬರೆದರು. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ವಯೋಮಿತಿಯ ಬಗ್ಗೆ ಮರುಯೋಚಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನಿನ ತಿಳಿವಳಿಕೆ ಕೊಡಿ ಎಂದು ಶಿಕ್ಷಣ ಇಲಾಖೆಗೂ ಸೂಚಿಸಿತು. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳಗಳ ಪೋಕ್ಸೋ ತೀರ್ಪುಗಳನ್ನು ಕೂತು ಓದಿದಾಗ ಸುಮಾರು ನಾಲ್ಕರಲ್ಲೊಂದು ಪ್ರಣಯದ ಪ್ರಕರಣವಾಗಿತ್ತು. ಆದರೆ 2023ರ ಸೆಪ್ಟೆಂಬರ್‌ನಲ್ಲಿ ಕಾನೂನು ಆಯೋಗ ತನ್ನ 283ನೇ ವರದಿಯಲ್ಲಿ ಹದಿನೆಂಟನ್ನು ಇಳಿಸಬೇಡಿ ಎಂದೇ ಹೇಳಿತು. ಹದಿನಾರರಿಂದ ಹದಿನೆಂಟರ ನಡುವಿನ ಪ್ರಕರಣಗಳಲ್ಲಿ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರಿಗೆ ವಿವೇಚನೆಯ ಅವಕಾಶವಿರಲಿ ಎಂದಿತು.

ನನ್ನ ಅಭಿಪ್ರಾಯ ಕೇಳಿದರೆ, ಇಬ್ಬರು ಹದಿನೇಳರ ಮಕ್ಕಳನ್ನು ಕೋರ್ಟಿಗೆ ಎಳೆಯುವುದು ತಪ್ಪು. ತರಗತಿಯಲ್ಲಿ ಅದನ್ನು ಹೇಳುತ್ತೇನೆ, ಮರುಕ್ಷಣವೇ ನನ್ನ ಅಭಿಪ್ರಾಯ ನಿಮ್ಮನ್ನು ಜೈಲಿನಿಂದ ಕಾಪಾಡುವುದಿಲ್ಲ ಎಂದೂ ಹೇಳುತ್ತೇನೆ. ಜಾತಿ ಬೇರೆಯಾದಾಗ ದೂರು ಎಷ್ಟು ಬೇಗ ದಾಖಲಾಗುತ್ತದೆ ಎಂಬುದನ್ನು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2016ರ ಮಾರ್ಚ್‌ನಲ್ಲಿ ಉಡುಮಲೈಪೇಟೆಯ ಬಸ್ ನಿಲ್ದಾಣದ ಬಳಿ ಜಾತಿ ಮೀರಿ ಮದುವೆಯಾದ ಶಂಕರ್ ಎಂಬ ದಲಿತ ಯುವಕನನ್ನು ಹಾಡಹಗಲೇ ಕಡಿದು ಕೊಂದದ್ದನ್ನು ಈ ರಾಜ್ಯದ ಮಕ್ಕಳು ವಿಡಿಯೊದಲ್ಲಿ ನೋಡಿದ್ದಾರೆ.

ಒಂದು ಸಮಾಧಾನದ ಮಾತೂ ಇದೆ. 2022ರ ಸೆಪ್ಟೆಂಬರ್ 29ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಅವಳ ಪೋಷಕರು ಕೋರಿದರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಗುರುತು ಬಿಟ್ಟುಕೊಡಬೇಕಾಗಿಲ್ಲ. ಈ ಮಾತು ತಿಳಿಯದೆ ನಾಟಿ ಮದ್ದಿಗೆ ಹೋಗುವವರಿದ್ದಾರೆ.

8. ಫೋನ್ ಬೇಡ ಅನ್ನುವುದರಿಂದ ಏನೂ ಆಗದು

ಫೋಟೊ ಕಳಿಸು ಎಂಬ ಒತ್ತಾಯ ಹತ್ತನೇ ತರಗತಿಗಿಂತ ಮೊದಲೇ ಬರುತ್ತದೆ. ಕಳಿಸಿದವಳನ್ನು ಬೈದರೆ ಅವಳು ಮುಂದೆ ಹೇಳುವುದಿಲ್ಲ. ಕೇಳಿದವನನ್ನೂ ಹಂಚಿದವನನ್ನೂ ಯಾರೂ ಬೈಯುವುದೇ ಇಲ್ಲ. ನಮ್ಮ ಅಂಬತ್ತೂರಿನಲ್ಲಿ ಶುರುವಾದ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 2024ರ ಸೆಪ್ಟೆಂಬರ್ 23ರಂದು ಮಹತ್ವದ ತೀರ್ಪಾಯಿತು. ಮಕ್ಕಳ ಅಶ್ಲೀಲ ದೃಶ್ಯವನ್ನು ಫೋನಿನಲ್ಲಿ ಬರೀ ನೋಡಿದ್ದು ಅಪರಾಧವಲ್ಲ ಎಂದು ಮದ್ರಾಸ್ ಹೈಕೋರ್ಟ್ ಕೈಬಿಟ್ಟಿದ್ದ ಪ್ರಕರಣವದು. ಅಳಿಸದೆ, ದೂರು ಕೊಡದೆ ಇಟ್ಟುಕೊಳ್ಳುವುದೂ ಅಪರಾಧವಾಗಬಹುದು ಎಂದಿತು ಸುಪ್ರೀಂ ಕೋರ್ಟ್. ಅದೇ ತೀರ್ಪಿನಲ್ಲಿ ಮಕ್ಕಳಿಗೆ ಲೈಂಗಿಕ ಶಿಕ್ಷಣ ಬೇಕೆಂದೂ ಹೇಳಿತು. “ಗ್ರೂಪಿನಲ್ಲಿ ಬಂತು, ನಾನು ಫಾರ್ವರ್ಡ್ ಮಾಡಲಿಲ್ಲ” ಎಂಬ ಸಮಜಾಯಿಷಿ ಸಾಲದು ಎಂದು ಹುಡುಗರಿಗೆ ವಿವರಿಸುತ್ತೇನೆ.

ಫೋಟೊ ಆಗಲೇ ಹೊರಗೆ ಹೋಗಿದ್ದರೆ? ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಹದಿನೆಂಟರೊಳಗೆ ತೆಗೆದ ಚಿತ್ರಗಳಿಗೆ. ಚಿತ್ರವನ್ನು ಅಪ್‌ಲೋಡ್ ಮಾಡಬೇಕಾಗಿಲ್ಲ. ಅದರ ಡಿಜಿಟಲ್ ಬೆರಳಚ್ಚು ಮಾತ್ರ ಹೋಗುತ್ತದೆ, ಸೇವೆಗೆ ಸೇರಿರುವ ಜಾಲತಾಣಗಳು ಅದಕ್ಕೆ ಹೊಂದುವ ಚಿತ್ರವನ್ನು ತೆಗೆಯುತ್ತವೆ. ಇದನ್ನು ಬೋರ್ಡಿನ ಮೇಲೆ ಬರೆದಾಗ ಯಾರೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದಿಲ್ಲ. ಹಾಗೆಂದು ಯಾರಿಗೂ ಬೇಡವೆಂದು ತಿಳಿಯಬಾರದು. ಒಂದು ನಿಮಿಷ ಹೆಚ್ಚು ಹೊತ್ತು ಅಳಿಸದೆ ಬಿಡಿ.

9. ‘ಪೊಸೆಸಿವ್’ ಎಂಬುದು ಹೊಗಳಿಕೆಯಲ್ಲ

“ಅವನು ತುಂಬ ಪೊಸೆಸಿವ್ ಮಿಸ್” ಎಂದು ಹುಡುಗಿಯರು ಹೆಮ್ಮೆಯಿಂದಲೇ ಹೇಳುತ್ತಾರೆ. ಪಾಸ್‌ವರ್ಡ್ ಕೇಳುತ್ತಾನೆ, ಲೊಕೇಶನ್ ಆನ್ ಇಡು ಅನ್ನುತ್ತಾನೆ, ಯಾರ ಜೊತೆ ಮಾತಾಡಿದೆ ಎಂದು ವಿಚಾರಿಸುತ್ತಾನೆ. ಹುಡುಗಿಯರೂ ಹುಡುಗರಿಗೆ ಇದನ್ನೇ ಮಾಡುತ್ತಾರೆ, ಅದನ್ನೂ ಹೇಳಬೇಕು. ಪ್ರೀತಿ ಇದ್ದರೆ ತಾನೇ ಹೊಡೆಯುವುದು ಎಂಬ ಮಾತು ಮಕ್ಕಳು ಕಂಡುಹಿಡಿದದ್ದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕೆಲವು ಸಂದರ್ಭಗಳಲ್ಲಿ ಗಂಡ ಹೆಂಡತಿಗೆ ಹೊಡೆಯುವುದು ಸರಿ ಎಂದವರು ಕರ್ನಾಟಕದ ಹೆಂಗಸರಲ್ಲಿ ಶೇ. 76.9, ಗಂಡಸರಲ್ಲಿ ಶೇ. 81.9. ಈ ಅಂಕಿಯನ್ನು ನಾನು ಮಕ್ಕಳಿಗೆ ತೋರಿಸುವುದಿಲ್ಲ, ಪೋಷಕರ ಸಭೆಗೆ ಇಟ್ಟುಕೊಂಡಿದ್ದೇನೆ.

ಮಕ್ಕಳಿಗೆ ಒಂದೇ ಪ್ರಶ್ನೆ: ಅವನ ಅಥವಾ ಅವಳ ಜೊತೆ ಶುರುವಾದ ಮೇಲೆ ನಿನ್ನ ಗೆಳೆಯರು ಹೆಚ್ಚಾದರೋ ಕಡಿಮೆಯಾದರೋ?

10. ಹೇಳಲು ಬಂದ ಮಗುವಿಗೆ ಮೊದಲ ಮಾತು

“ನೀನು ಅಲ್ಲಿಗೆ ಯಾಕೆ ಹೋದೆ?” ಎಂಬುದು ಮೊದಲ ಮಾತಾಗಬಾರದು. ಅಣ್ಣಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಎಫ್‌ಐಆರ್ ಸೋರಿಕೆಯಾಗಿ ವಿದ್ಯಾರ್ಥಿನಿಯ ಗುರುತೇ ಬಯಲಾಯಿತು. ಮದ್ರಾಸ್ ಹೈಕೋರ್ಟ್ ಅವಳಿಗೆ ಇಪ್ಪತ್ತೈದು ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಿಸಿ, ಮೂವರು ಮಹಿಳಾ ಐಪಿಎಸ್ ಅಧಿಕಾರಿಗಳ ತಂಡಕ್ಕೆ ತನಿಖೆ ಒಪ್ಪಿಸಿತು. ಐದು ತಿಂಗಳಲ್ಲಿ ಅಪರಾಧ ಸಾಬೀತಾಯಿತು. ಅವಳು ದೂರು ಕೊಟ್ಟದ್ದರಿಂದ ಇದೆಲ್ಲ ಆಯಿತು. ಆದರೂ ಸುದ್ದಿ ಹೊರಬಿದ್ದ ವಾರ ನನ್ನ ತರಗತಿಗಳಲ್ಲ, ಸ್ಟಾಫ್ ರೂಮುಗಳು ಕೇಳಿದ ಪ್ರಶ್ನೆ, ಕತ್ತಲಲ್ಲಿ ಹುಡುಗನ ಜೊತೆ ಅವಳಿಗೇನು ಕೆಲಸ ಎಂಬುದು. ಮಕ್ಕಳ ಕಿವಿ ಚುರುಕು. ಯಾರಿಗೆ ಹೇಳಬಾರದು ಎಂದು ಅವರು ತೀರ್ಮಾನಿಸುವುದು ಇಂಥ ಮಾತು ಕೇಳಿಯೇ.

“ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಿಲ್ಲ, ಮುಂದೇನು ಮಾಡೋಣ ನೋಡೋಣ.” ಇಷ್ಟು ಸಾಕು. ಉಳಿದದ್ದಕ್ಕೆ ತಿಳಿದವರಿದ್ದಾರೆ: ಚೆನ್ನೈನಲ್ಲಿ 2004ರಿಂದ ಇದೇ ಕೆಲಸ ಮಾಡುತ್ತಿರುವ ‘ತುಳಿರ್’, ಬೆಂಗಳೂರಿನಲ್ಲಿ 2001ರಿಂದಿರುವ ‘ಎನ್‌ಫೋಲ್ಡ್’.

11. ಪಾಠ ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆಂಬ ಭಯ

2007ರಲ್ಲಿ ಇದೇ ಭಯದಿಂದ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಶಾಲೆಗಳಲ್ಲಿ ತಡೆದವು. ಇಂಥ ಶಿಕ್ಷಣ ಮಕ್ಕಳ ಲೈಂಗಿಕ ಚಟುವಟಿಕೆಯನ್ನು ಹೆಚ್ಚಿಸುವುದಿಲ್ಲ ಎಂದು ಯುನೆಸ್ಕೊ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರ ಮಾರ್ಗದರ್ಶಿಯಲ್ಲಿ ಬರೆದಿದೆ. 2007ರಲ್ಲಿ ಒಂಬತ್ತನೇ ತರಗತಿಯಲ್ಲಿದ್ದವರು ಈಗ ತಾವೇ ಅಪ್ಪ ಅಮ್ಮಂದಿರು. ಅವರಿಗೆ ಯಾರೂ ಹೇಳಿಕೊಡಲಿಲ್ಲ, ಫೋನ್ ಹೇಳಿಕೊಟ್ಟಿತು.

2021ರ ಗಲಾಟೆಯ ನಂತರ ತಮಿಳುನಾಡು ಸರ್ಕಾರ ಪ್ರತಿ ಶಾಲೆಯಲ್ಲೂ ವಿದ್ಯಾರ್ಥಿ ಸುರಕ್ಷೆಯ ಸಲಹಾ ಸಮಿತಿ ಇರಬೇಕು, ಪ್ರತಿ ವರ್ಷ ನವೆಂಬರ್ 15ರಿಂದ 22ರವರೆಗೆ ಮಕ್ಕಳ ಮೇಲಿನ ದೌರ್ಜನ್ಯ ತಡೆ ವಾರ ಆಚರಿಸಬೇಕು ಎಂದು ಮಾರ್ಗಸೂಚಿ ಹೊರಡಿಸಿತು. ನಿಮ್ಮ ಮಗು ಓದುವ ಶಾಲೆಯಲ್ಲಿ ಆ ಸಮಿತಿ ಇದೆಯೇ, ಅದರಲ್ಲಿ ಯಾರಿದ್ದಾರೆ, ಆ ವಾರ ಭಾಷಣ ಸ್ಪರ್ಧೆ ಬಿಟ್ಟು ಇನ್ನೇನು ನಡೆಯುತ್ತದೆ ಎಂದು ಮುಂದಿನ ಪೋಷಕರ ಸಭೆಯಲ್ಲಿ ಕೇಳಿ. ಕರ್ನಾಟಕದ ಓದುಗರು ಧಾರವಾಡ ಪೀಠ ಸೂಚಿಸಿದ ಪಾಠ ತಮ್ಮ ಶಾಲೆಗೆ ಬಂದಿದೆಯೇ ಎಂದು ಕೇಳಿ. ತಮಿಳುನಾಡಿನ ಶಾಲಾ ಶಿಕ್ಷಣ ಇಲಾಖೆಯ ಸಹಾಯವಾಣಿ 14417. ಮಕ್ಕಳ ಸಹಾಯವಾಣಿ 1098 ದೇಶದ ಎಲ್ಲೆಡೆ ಉಚಿತ. ಎರಡನ್ನೂ ಮಕ್ಕಳ ಫೋನಿನಲ್ಲಿ ಇವತ್ತೇ ಸೇವ್ ಮಾಡಿಸಿ.